ಕೊನೆಯ ಕಾರಿಗೆ ಕಾದ ಚಳಿಗಾಲ

ಹೋದ ವಾರ ಡ್ಯೂಟಿ ಮುಗಿಸಿ ಮನೆಗೆ ಬರುವಾಗ ಟೈರಿಗೆ ಗಾಳಿ ಹಾಕೋಣ ಅಂತ ಬಂಕಿನ ಹತ್ತಿರ ನಿಲ್ಲಿಸಿದೆ. ಪಕ್ಕದಲ್ಲಿ ಒಂದು ವ್ಯಾನು, ಹಿಂದೆ ಟ್ರೈಲರು, ಅದರ ಮೇಲೆ ಮೈತುಂಬ ಸ್ಟಿಕ್ಕರ್ ಅಂಟಿಸಿಕೊಂಡ ಪುಟ್ಟ ರ‍್ಯಾಲಿ ಕಾರು. ಅದರ ಹುಡುಗ ಏನು ನೋಡಬೇಕಿತ್ತೋ, ಒಂದು ಗಳಿಗೆ ಸ್ಟಾರ್ಟ್ ಮಾಡಿ ಆಫ್ ಮಾಡಿದ. ಅರ್ಧಂಬರ್ಧ ಉರಿದ ಪೆಟ್ರೋಲಿನ ಆ ಗಾಢ ವಾಸನೆ ಮೂಗಿಗೆ ಬಡಿದದ್ದೇ ತಡ, ಜುಲೈ ಬಿಸಿಲಲ್ಲಿ ನಿಂತಿದ್ದ ನನಗೆ ಕಾಲಬೆರಳು ಮರಗಟ್ಟಿದ ಹಾಗಾಯಿತು. ಗಾಳಿ ಹಾಕುವುದು ಮರೆತು ನಗುತ್ತಾ ನಿಂತುಬಿಟ್ಟೆ. ಆ ಹುಡುಗ ನನ್ನನ್ನು ಒಂಥರಾ ನೋಡಿದ. ನೋಡಲಿ ಬಿಡಿ.

ಆ ವಾಸನೆ ನನಗೆ ಅಂಟಿದ್ದು ನಾವು ಸ್ವೀಡನ್ನಿನ ಈ ಕಾರ್ಲ್‌ಸ್ಟಾಡ್‌ಗೆ ಬಂದ ನಾಲ್ಕನೇ ಚಳಿಗಾಲದಲ್ಲಿ. ನನಗೆ ಇಲ್ಲಿನ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನನ್ನ ಗಂಡ ಗಿರೀಶ ಬೆಂಗಳೂರಿನವರು, ದೂರದ ಸೋಲ್ನಾ ಊರಿನ ಒಂದು ಆಫೀಸಿಗೆ ಮನೆಯಿಂದಲೇ ಕೋಡ್ ಬರೆಯುವ ಪ್ರಾಣಿ. ನಾನು ಕುಂದಾಪ್ರದ ಪಕ್ಕದ ಗಂಗೊಳ್ಳಿಯವಳು. ಮೀನು, ದೋಣಿ, ಉಪ್ಪುಗಾಳಿ ಇವುಗಳ ಮಧ್ಯೆ ಬೆಳೆದವಳಿಗೆ ಈ ಊರಿನ ಫೆಬ್ರವರಿ ಅಂದರೆ ಮೊದಮೊದಲು ಅಳುವೇ ಬರುತ್ತಿತ್ತು. ಬೆಳಿಗ್ಗೆ ಕತ್ತಲು, ಸಂಜೆ ಕತ್ತಲು, ನಡುವೆ ಸ್ವಲ್ಪ ಬೂದಿಬಣ್ಣ. ಕನ್ನಡದವರು ಸೇರಿದಾಗಲೂ ನಾನು ನಮ್ಮ ಕಡೆಯ ಮಾತನ್ನು ಒಳಗೇ ಇಟ್ಟುಕೊಂಡು ಬೆಂಗಳೂರು ಕನ್ನಡವನ್ನೇ ಮಾತಾಡುತ್ತಿದ್ದೆ. ಕುಂದಾಪ್ರದ ಒಂದು ಮಾತು ಬಾಯಿಂದ ಬಿದ್ದರೆ ಸಾಕು, "ಇನ್ನೊಂದ್ಸಲ ಹೇಳಿ ವಿದ್ಯಕ್ಕಾ, ಸಕ್ಕತ್ತಾಗಿದೆ" ಅಂತ ಮುತ್ತಿಕೊಳ್ಳುತ್ತಿದ್ದರು. ನಾನೇನು ಕೋಲೆ ಬಸವನಾ?

ಪಕ್ಕದ ಮನೆಯ ಲೆನ್ನಾರ್ಟ್ ಊರಿನ ಮೋಟಾರ್ ಕ್ಲಬ್ಬಿನ ಹಳೇ ಹುಲಿ. ನಿವೃತ್ತ ಮನುಷ್ಯ, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ನಾನು ಬಾಗಿಲ ಮುಂದಿನ ಹಿಮ ಎತ್ತುತ್ತಾ ಗೊಣಗುವುದನ್ನು ಕೇಳಿ ಕೇಳಿ ಅವರಿಗೆ ಏನನ್ನಿಸಿತೋ, ಒಂದು ದಿನ ಹಳದಿ ಜಾಕೆಟ್ ತಂದು ಕೈಗಿಟ್ಟು, "ನಮಗೆ ಜನ ಸಾಲದು. ರ‍್ಯಾಲಿಗೆ ಬಾ" ಅಂದರು. ಇಲ್ಲಿ ಕಾಡಿನ ರಸ್ತೆಯಲ್ಲಿ ಒಂದೊಂದೇ ಕಾರು ಬಿಟ್ಟು ಹೊತ್ತು ಅಳೆಯುವ ಅಂತರರಾಷ್ಟ್ರೀಯ ರ‍್ಯಾಲಿಯೂ ನಡೆಯುವುದು ಹೀಗೇ. ಟೇಪು ಕಟ್ಟುವವರು, ಬಾವುಟ ಹಿಡಿಯುವವರು, ಜನರನ್ನು ರಸ್ತೆಯಿಂದ ದೂರ ನಿಲ್ಲಿಸುವವರು ಎಲ್ಲರೂ ಸುತ್ತಲಿನ ಊರಿನ ಟೀಚರು, ಬಡಗಿ, ನರ್ಸುಗಳು. ಬರುತ್ತೇನೆ ಅಂದುಬಿಟ್ಟೆ. ಬಾಯಿಗೆ ಲಂಗುಲಗಾಮು ಇಲ್ಲ ನನಗೆ.

ಅದೇ ವಾರ ನಮ್ಮ ಕನ್ನಡ ಗುಂಪಿನ ವಾಟ್ಸಾಪಿನಲ್ಲಿ ಒಂದು ಮೆಸೇಜು ಬಂತು. ಹಾಸನದ ಹುಡುಗಿಯೊಬ್ಬಳು ಈ ರ‍್ಯಾಲಿಯಲ್ಲಿ ಕಾರು ಓಡಿಸುತ್ತಾಳಂತೆ, ಹೋಟೆಲ್ ಎಲ್ಲೂ ಇಲ್ಲವಂತೆ, ಯಾರ ಮನೆಯಲ್ಲಾದರೂ ಜಾಗ ಇದೆಯಾ ಅಂತ. ನಾನು ಗಿರೀಶನ ಮುಖ ನೋಡುವಷ್ಟರಲ್ಲಿ ನಮ್ಮ ಅತ್ತೆ ತೀರ್ಪು ಕೊಟ್ಟಾಗಿತ್ತು. "ಕೆಳಗಡೆ ರೂಮು ಖಾಲಿ ಬಿದ್ದಿದೆ. ಹೆಣ್ಣುಮಗು ಎಲ್ಲಿಗೆ ಹೋಗತ್ತೆ? ಕರೀರಿ." ಮೂರು ತಿಂಗಳಿಗೆಂದು ಮಲ್ಲೇಶ್ವರದಿಂದ ಬಂದಿದ್ದ ಅತ್ತೆಗೆ ಮಾತಾಡಲು ಜನ ಬೇಕಿತ್ತು. ಮೊಮ್ಮಗಳು ಅನ್ವಿ ಏನು ಕೇಳಿದರೂ ಸ್ವೀಡಿಷಿನಲ್ಲೇ ಉತ್ತರ ಕೊಟ್ಟು ಓಡುತ್ತಿದ್ದಳು.

ಬಂದಳು ನೋಡಿ ಸಿಂಚನಾ. ಇಪ್ಪತ್ತಮೂರು ವರ್ಷ, ನನ್ನ ಭುಜದ ಎತ್ತರ, ಉಗುರಿನ ಸಂದಿಯಲ್ಲಿ ಗ್ರೀಸು. ಅಪ್ಪನದು ಹಾಸನದಲ್ಲಿ ಗ್ಯಾರೇಜು. ಜೊತೆಗೆ ಪ್ರಕಾಶ ಅನ್ನುವವರು, ಬೆಂಗಳೂರಿನವರು, ನಲವತ್ತು ದಾಟಿದ ಗೊಣಗಪ್ಪ. ಕಾರಿನಲ್ಲಿ ಅವಳ ಪಕ್ಕ ಕೂತು ಮುಂದಿನ ತಿರುವು ಎಂಥದ್ದು ಅಂತ ಓದಿ ಹೇಳುವುದು ಅವರ ಕೆಲಸ. ಅವರಿಬ್ಬರನ್ನೂ ಅಡಿಗೆಮನೆಯ ಮೇಜಿಗೆ ಕೂರಿಸಿ, ಅತ್ತೆ ಉಪ್ಪಿಟ್ಟು ಬಡಿಸುತ್ತಾ ವಿಚಾರಣೆ ಶುರು ಮಾಡಿದರು.

"ಹಾಗಾದ್ರೆ ನೀನು ಟಿವೀಲಿ ಬರ್ತೀಯಾ?"

"ಇಲ್ಲ ಅಜ್ಜಿ. ಟಿವೀಲಿ ಬರೋದು ದೊಡ್ಡ ಕಾರುಗಳು. ಅದೇ ರಸ್ತೇಲಿ, ಅವರ ಹಿಂದೆ, ನಮ್ಮಂಥ ಕಿರಿಯರಿಗೆ ಅಂತ ಬೇರೆ ಸರಣಿ ಇರತ್ತೆ. ಎಲ್ಲರಿಗೂ ಒಂದೇ ಥರದ ಚಿಕ್ಕ ಕಾರು. ಇದರಲ್ಲಿ ಪಾಸಾದ್ರೆ ಮೇಲಕ್ಕೆ."

"ಮತ್ತೆ ಗೆಲ್ಲಬೇಕಲ್ಲ?"

ಸಿಂಚನಾ ತಟ್ಟೆಯನ್ನೇ ನೋಡಿದಳು. ಹೇಳಿದ್ದು ಪ್ರಕಾಶ. "ಗೆಲ್ಲೋ ಮಾತಿಲ್ಲಮ್ಮಾ. ಇವಳು ಹಿಮ ನೋಡಿದ್ದೇ ಹೋದ ವಾರ. ತಂಡದ ಮ್ಯಾನೇಜರ್ ಒಂದೇ ಮಾತು ಹೇಳಿದಾನೆ. ಇಲ್ಲಿ ಕಾರನ್ನ ಕೊನೇ ತನಕ ತಂದು ನಿಲ್ಲಿಸಿದ್ರೆ ಈ ವರ್ಷದ ಉಳಿದ ರ‍್ಯಾಲಿಗಳಿಗೂ ಸೀಟು ಇವಳದು. ದಾರೀಲಿ ಬಿಟ್ಟು ಬಂದ್ರೆ ಸೀಟು ಇನ್ನೊಬ್ಬನಿಗೆ. ಆ ಇನ್ನೊಬ್ಬ ಆಗಲೇ ಹೆಲ್ಮೆಟ್ ಒರೆಸ್ತಾ ಕೂತಿದಾನೆ."

ಅತ್ತೆ ಸೌಟು ಹಿಡಿದು ನಿಂತೇ ಇದ್ದರು. "ಅಷ್ಟೇ ತಾನೆ? ತರ್ತಾಳೆ ಬಿಡಿ," ಅಂದು ಇನ್ನೊಂದು ಸೌಟು ಹಾಕಿದರು. ಆ ಗಳಿಗೆಯಿಂದ ಅದು ನಮ್ಮ ಮನೆಯ ವಿಷಯವಾಯಿತು. ನನ್ನ ಮಗಳ ಪರೀಕ್ಷೆಗೂ ನಾನು ಅಷ್ಟು ಹೆದರಿದ್ದಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಆಮೇಲಿನ ದಿನಗಳು ಹಬ್ಬದ ಹಾಗೆ ಕಳೆದವು. ಸಿಂಚನಾ ಬೆಳಿಗ್ಗೆ ಹೋಗಿ ಸಂಜೆ ಬರುವಳು, ಕೆನ್ನೆ ಕೆಂಪು, ಹಸಿವು ಹುಲಿಯದು. ಹಿಮದ ರಸ್ತೆ ಹೇಗಿರುತ್ತದೆ ಅಂತ ಕೈಯಾಡಿಸಿ ವರ್ಣಿಸುವಳು. ರಸ್ತೆಯ ಎರಡೂ ಬದಿ ಹಿಮದ ದಂಡೆ, ಟೈರಿಗೆ ಸಣ್ಣ ಸಣ್ಣ ಮೊಳೆ, ಬಲ್ಲವರು ಕಾರಿನ ಹಿಂಭಾಗವನ್ನು ಬೇಕಂತಲೇ ಆ ದಂಡೆಗೆ ಒರಗಿಸಿ ತಿರುಗುತ್ತಾರಂತೆ. "ನಾನೂ ಒರಗಿಸ್ಲಾ ಅಂತೀನಿ, ಪ್ರಕಾಶಣ್ಣ ಬೈತಾರೆ." "ಒರಗಿಸೋದಲ್ಲ, ನೀನು ಅಲ್ಲೇ ಮಲಗ್ತೀಯ," ಅಂತ ಪ್ರಕಾಶ. ಅನ್ವಿ ಅವಳ ಹಿಂದೆ ಹಿಂದೆ ತಿರುಗಿ, ನಾಲ್ಕು ವರ್ಷದಲ್ಲಿ ನನ್ನಿಂದ ಕಲಿಯದ ಕನ್ನಡವನ್ನು ನಾಲ್ಕೇ ದಿನದಲ್ಲಿ ಬಾಯಿಗೆ ಹಾಕಿಕೊಂಡಳು. ಅದರಲ್ಲಿ ಅರ್ಧ ಗ್ಯಾರೇಜಿನ ಬೈಗುಳ.

ಇಷ್ಟರಲ್ಲಿ ಅತ್ತೆಗೆ ಒಂದು ಗುಮಾನಿ ಹತ್ತಿತು. ರ‍್ಯಾಲಿಯ ಕೊನೆಯ ದಿನ ಶನಿವಾರ. ಸಿಂಚನಾಳ ಕಾರು ಹೊರಡುವುದು ಬೆಳಿಗ್ಗೆ ಒಂಬತ್ತರ ಮೇಲೆ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ!

"ಒಂದು ಗಂಟೆ ತಡವಾಗಿ ಹೊರಡಕ್ಕಾಗಲ್ವಾ?" ಅಂದರು. ಪ್ರಕಾಶನ ಮುಖ ನೋಡಬೇಕಿತ್ತು. ಹೇಳಿದ ನಿಮಿಷಕ್ಕಿಂತ ಒಂದು ನಿಮಿಷ ತಡವಾದರೂ ದಂಡ, ಬೇಗ ಹೋದರೂ ದಂಡ, ಆ ನಿಮಿಷ ಕಾಯುವುದೇ ನನ್ನ ಹೊಟ್ಟೆಪಾಡು ಅಂತ ಆ ಮನುಷ್ಯ ಅರ್ಧ ಗಂಟೆ ವಿವರಿಸಿದರು. ಅತ್ತೆ ಎಲ್ಲ ಕೇಳಿಸಿಕೊಂಡು, "ಸರಿ, ಹಾಗಾದ್ರೆ ಪ್ರಸ್ಥಾನ ಇಡೋಣ," ಅಂದರು. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ ಹೊರಡುವವರ ಒಂದು ವಸ್ತುವನ್ನು ಒಳ್ಳೆಯ ಹೊತ್ತಿನಲ್ಲಿ ಮುಂಚೆಯೇ ಬೇರೆಯವರ ಮನೆಯಲ್ಲಿ ಇಟ್ಟುಬಿಡುವುದು, ಆಗ ಪ್ರಯಾಣ ಆಗಲೇ ಶುರುವಾದ ಲೆಕ್ಕ. ಶುಕ್ರವಾರ ಸಂಜೆ ಸಿಂಚನಾಳ ಹೆಲ್ಮೆಟ್ ಬ್ಯಾಗು ಲೆನ್ನಾರ್ಟ್ ಮನೆಯ ಮೆಟ್ಟಿಲು ಸೇರಿತು. ನಾನು ನಾಚಿಕೆಯಿಂದ ಕುಗ್ಗುತ್ತಾ ವಿವರಿಸಲು ಹೋದರೆ ಅವರು ಪೂರ್ತಿ ಕೇಳಲೂ ಇಲ್ಲ. "ಹೊರಗೆ ಬೇಡ, ತಣ್ಣಗಾಗುತ್ತೆ," ಅಂತ ಒಳಗೆ ಒಯ್ದು ಒಲೆಯ ಪಕ್ಕ ಇಟ್ಟರು.

ಆ ಶುಕ್ರವಾರ ಮೊದಲ ದಿನದ ಓಟ ಮುಗಿದಿತ್ತು. ಸಿಂಚನಾ ಎಷ್ಟು ಹುಷಾರಾಗಿ ಓಡಿಸಿದ್ದಳೆಂದರೆ ಸರಣಿಯಲ್ಲಿ ಅವಳೇ ಕೊನೆ. ಹಾಗಾಗಿ ಮರುದಿನ ರಸ್ತೆಗೆ ಬರುವ ಕೊನೆಯ ಕಾರೂ ಅವಳದೇ. "ಕೊನೆಯವಳಾದ್ರೆ ಏನಂತೆ, ಕಾರು ಇದೆಯಲ್ಲ," ಅಂದೆ. ಅವಳು ನಕ್ಕಳು, ಆದರೆ ಊಟ ಸೇರಲಿಲ್ಲ.

ಶನಿವಾರ ನಸುಕಿಗೇ ನಾನೂ ಲೆನ್ನಾರ್ಟೂ ಕಾಡಿನ ನಮ್ಮ ತಿರುವಿಗೆ ಹೋಗಿ ನಿಂತೆವು. ಇಳಿಜಾರು ಮುಗಿದು ಎಡಕ್ಕೆ ಗಕ್ಕನೆ ತಿರುಗುವ ಜಾಗ. ನಮ್ಮ ಕನ್ನಡದವರು ಹತ್ತು ಹನ್ನೆರಡು ಮಂದಿ, ಓರೆಬ್ರೂನಿಂದ ಬಂದಿದ್ದ ರಘುವಿನ ಕುಟುಂಬವೂ ಸೇರಿ, ಏಳಕ್ಕೆ ಕಾರ್ಲ್‌ಸ್ಟಾಡ್ ಬಿಟ್ಟು ಒಂಬತ್ತಕ್ಕೆಲ್ಲ ಅಲ್ಲಿರಬೇಕಿತ್ತು. ಬೇರೆ ಹಂತಗಳ ರಸ್ತೆ ಮುಗಿಸಿ ಕಾರುಗಳು ನಮ್ಮಲ್ಲಿಗೆ ಬರುವುದು ಮಧ್ಯಾಹ್ನದ ಹೊತ್ತಿಗಾದರೂ, ಒಳ್ಳೆಯ ಜಾಗ ಸಿಗಬೇಕಲ್ಲ. ಒಂಬತ್ತಾಯಿತು, ಹತ್ತಾಯಿತು. ಸೌದೆ ಹಾಕಿ ಬೆಂಕಿ ಮಾಡಿಕೊಂಡು, ಸಾಸೇಜ್ ಸುಟ್ಟುಕೊಂಡು ಕೂತಿದ್ದ ನೂರಾರು ಸ್ವೀಡಿಷರ ಮಧ್ಯೆ ನಮ್ಮವರ ಒಂದು ತಲೆಯೂ ಇಲ್ಲ. ಫೋನ್ ಮಾಡಿದೆ.

"ಹೊರಡೋಷ್ಟರಲ್ಲಿ ಒಂಬತ್ತಾಯ್ತು, ಅಮ್ಮ ರಾಹುಕಾಲ ಕಳೀಲಿ ಅಂದ್ರು ಕಣೇ," ಅಂದರು ಗಿರೀಶ.

"ರಾಹುಕಾಲ ಅವಳಿಗಲ್ಲವಾ? ನಿಮಗೇನ್ರೀ? ಅದೂ ಹತ್ತೂವರೆಗೆ ಮುಗಿಯುತ್ತೆ!"

ಆಮೇಲೆ ತಿಳಿಯಿತು ನನ್ನ ಗಂಡನ ಘನಕಾರ್ಯ. ಬಾಯಿ ಮುಚ್ಚಿಕೊಂಡು ಇರುವುದು ಬಿಟ್ಟು, ರಾಹುಕಾಲವನ್ನು ಲೆಕ್ಕ ಹಾಕುವುದು ಸೂರ್ಯೋದಯದಿಂದ, ಇಲ್ಲಿ ಸೂರ್ಯ ಹುಟ್ಟುವುದೇ ಎಂಟರ ಹೊತ್ತಿಗೆ, ಹಾಗಾಗಿ ಇಲ್ಲಿನ ರಾಹುಕಾಲ ಹತ್ತರಿಂದ ಹನ್ನೊಂದರ ಮೇಲೆ ತನಕ ಅಂತ ಅಮ್ಮನಿಗೆ ಪಾಠ ಮಾಡಿದ್ದರು. ಅತ್ತೆಗೆ ಅಷ್ಟೇ ಸಾಕಾಯಿತು. "ಯಾವುದು ಸರಿಯೋ ಯಾರಿಗೆ ಗೊತ್ತು, ಎರಡೂ ಕಳೀಲಿ." ಬಿಸಿಬೇಳೆಬಾತಿನ ದೊಡ್ಡ ಹಾಟ್‌ಬಾಕ್ಸ್ ಅವರ ಪಕ್ಕದಲ್ಲಿತ್ತು. ಅದನ್ನು ಬಿಟ್ಟು ಹೊರಡುವ ಎದೆಗಾರಿಕೆ ಗುಂಪಿನಲ್ಲಿ ಯಾರಿಗೂ ಇರಲಿಲ್ಲ. ನನಗೆ ಎಷ್ಟು ಸಿಟ್ಟು ಬಂತೆಂದರೆ ಮೈ ಬೆಚ್ಚಗಾಯಿತು.

ಹನ್ನೆರಡರ ಮೇಲೆ ದೊಡ್ಡ ಕಾರುಗಳು ಬಂದವು. ಏನು ಆರ್ಭಟ! ದೂರದಲ್ಲಿ ಪಟಪಟ ಅನ್ನುವುದು, ಮರಗಳ ನಡುವೆ ದೀಪ ಮಿನುಗುವುದು, ಮರುಕ್ಷಣ ಕಾರು ಅಡ್ಡಡ್ಡವಾಗಿ ಬಂದು ಹಿಮದ ಪುಡಿ ಎರಚಿ ಮಾಯ. ಜನ ಕೂಗಿದ್ದೇ ಕೂಗಿದ್ದು. ಎರಡು ಕಾರು ದಂಡೆಗೆ ನುಗ್ಗಿ ಸಿಕ್ಕಿಕೊಂಡವು. ಟೇಪಿನ ಹಿಂದಿನಿಂದ ಮೂವತ್ತು ಜನ ಸಲಿಕೆ ಹಿಡಿದು ನುಗ್ಗಿ, ಮಗುವನ್ನು ತೊಟ್ಟಿಲಿಗೆ ಹಾಕಿದ ಹಾಗೆ ಎತ್ತಿ ರಸ್ತೆಗಿಟ್ಟು ವಾಪಸು ಹೋದರು. ಇಲ್ಲಿ ಅದು ವಾಡಿಕೆ, ಯಾರೂ ಬೇಡ ಅನ್ನುವುದಿಲ್ಲ. ನನಗೆ ಬಹಳ ಧೈರ್ಯ ಬಂತು.

ಆದರೆ ದೊಡ್ಡವರು ದಾಟಿದ ಮೇಲೆ ಆದದ್ದೇ ಬೇರೆ. ಜನ ಕುರ್ಚಿ ಮಡಚಿದರು, ಬೆಂಕಿಗೆ ಹಿಮ ಸುರಿದರು, ಸಲಿಕೆ ಹೆಗಲಿಗೇರಿಸಿ ಸಾಲಾಗಿ ಹೊರಟರು. ಮುಂದಿನ ಜಾಗಕ್ಕೆ ಓಡಬೇಕಲ್ಲ. ಕಿರಿಯರ ಸರಣಿಯ ಮೊದಲ ಕಾರು ಬರುವಾಗ ಹತ್ತಿಪ್ಪತ್ತು ಮಂದಿ ಉಳಿದಿದ್ದರು, ಐದನೆಯದು ಬರುವಾಗ ಅವರೂ ಇಲ್ಲ. ಆ ಮಕ್ಕಳು ಪಾಪ, ದೊಡ್ಡವರು ಕೆತ್ತಿ ಹಾಳು ಮಾಡಿದ ರಸ್ತೆಯಲ್ಲಿ, ನೋಡುವವರಿಲ್ಲದ ಕಾಡಿನಲ್ಲಿ, ಜೀವ ಕೈಯಲ್ಲಿ ಹಿಡಿದು ಓಡಿಸುತ್ತಿದ್ದರು. "ಯಾವಾಗಲೂ ಹೀಗೆಯಾ?" ಅಂದೆ. ಲೆನ್ನಾರ್ಟ್ ತಲೆಯಾಡಿಸಿದರು.

ಆಗ ಎದುರಿನಿಂದ, ಹೋಗುತ್ತಿದ್ದ ಜನರ ವಿರುದ್ಧ ದಿಕ್ಕಿನಲ್ಲಿ, ಒಂದು ಮೆರವಣಿಗೆ ಬಂತು. ಮುಂದೆ ಅತ್ತೆ, ಸೀರೆಯ ಮೇಲೆ ಗಿರೀಶನ ಹಳೆಯ ಜಾಕೆಟ್ಟು. ಹಿಂದೆ ಅನ್ವಿಯ ಜಾರುಬಂಡಿಯ ಮೇಲೆ ಹಾಟ್‌ಬಾಕ್ಸು, ಅದರ ಹಗ್ಗ ಎಳೆಯುತ್ತಾ ಗಿರೀಶ. ಅದರ ಹಿಂದೆ ರಘು, ಅವನ ಹೆಂಡತಿ, ಉಳಿದವರೆಲ್ಲ, ಬಗಲಲ್ಲಿ ಸ್ಟೀಲ್ ತಟ್ಟೆಗಳು. ಪೇಪರ್ ತಟ್ಟೆಯಲ್ಲಿ ತಿಂದರೆ ಅತ್ತೆಗೆ ಊಟ ಅನ್ನಿಸುವುದಿಲ್ಲ.

"ಎಲ್ಲಾ ಮುಗೀತಾ?" ಅಂದರು ಗಿರೀಶ, ನನ್ನ ಕಣ್ಣು ತಪ್ಪಿಸುತ್ತಾ.

"ನಿಮ್ಮ ಪುಣ್ಯ, ಒಂದು ಕಾರು ಉಳಿದಿದೆ," ಅಂದೆ. ಅಷ್ಟರಲ್ಲೇ ಇಳಿಜಾರಿನ ಮೇಲೆ ಸಣ್ಣ ಇಂಜಿನ್ನಿನ ಸದ್ದು ಕೇಳಿತು.

ಸಿಂಚನಾ ಚೆನ್ನಾಗೇ ಬಂದಳು. ನಿಜ ಹೇಳಬೇಕೆಂದರೆ ಮೊದಲ ದಿನಕ್ಕಿಂತ ಎಷ್ಟೋ ಜೋರಾಗಿ ಬಂದಳು. ತಿರುವಿನ ನಡುವೆ ಮುಂದಿನ ಚಕ್ರ ಒಂದು ಕೊರಕಲಿಗೆ ಇಳಿಯಿತು, ಕಾರು ಸೀದಾ ಹೋಗಿ ಬಲಗಡೆಯ ದಂಡೆ ಹತ್ತಿ, ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಚಕ್ರ ಗಾಳಿಯಲ್ಲಿ ತಿರುಗುತ್ತಿದೆ, ಕಾರು ಒಂದಿಂಚೂ ಅಲುಗುತ್ತಿಲ್ಲ. ಕಿಟಕಿಯೊಳಗೆ ಅವಳ ಕಣ್ಣು ಕಂಡಿತು. ಆ ನೋಟ ನನಗೆ ಇವತ್ತಿಗೂ ಎದೆಯಲ್ಲಿದೆ.

ಲೆನ್ನಾರ್ಟ್ ರೇಡಿಯೋದಲ್ಲಿ ಕೇಳಿದರು. ಹಿಂದೆ ಸ್ಪರ್ಧೆಯ ಕಾರು ಇನ್ನೊಂದಿಲ್ಲ. ಬರುತ್ತಿರುವುದು ರಸ್ತೆ ಮುಚ್ಚುವ ಕಾರು. ಅದು ದಾಟುವಾಗ ಯಾರು ನಿಂತಿರುತ್ತಾರೋ ಅವರ ಓಟ ಅಲ್ಲಿಗೆ ಮುಗಿಯಿತು. "ಹೊರಟಾಗಿದೆ. ಹೆಚ್ಚು ಹೊತ್ತಿಲ್ಲ," ಅಂದು ಸಲಿಕೆ ಎತ್ತಿಕೊಂಡರು. ನಾನು ತಿರುಗಿ ಕೂಗಿದೆ. "ಬನ್ರೀ ಎಲ್ಲಾ!"

ಬಂದರು. ಒಬ್ಬರೂ ಹಿಂದೆಮುಂದೆ ನೋಡಲಿಲ್ಲ, ಅದನ್ನು ಹೇಳಲೇಬೇಕು. ಸಲಿಕೆ ಎರಡೇ, ಲೆನ್ನಾರ್ಟರದೊಂದು, ಕಾರಿನಲ್ಲಿದ್ದದ್ದೊಂದು. ಮಿಕ್ಕವರು ಸ್ಟೀಲ್ ತಟ್ಟೆಯಲ್ಲೇ ಕಾರಿನ ಹೊಟ್ಟೆಯ ಕೆಳಗಿನ ಹಿಮ ಬಗೆದರು. ಅತ್ತೆ ಮಂಡಿಯೂರಿ ಸೌಟಿನಿಂದ ಚಕ್ರದ ಸಂದಿ ಕೆರೆಯುತ್ತಿದ್ದರು. ಅಲ್ಲಿಯವರೆಗೆ ಎಲ್ಲ ಸರಿ. ತಳ್ಳುವ ಹೊತ್ತು ಬಂತು ನೋಡಿ, ನಮ್ಮವರ ಹಳೇ ರೋಗ ಶುರುವಾಯಿತು. ಒಬ್ಬ "ಬರ್ಲಿ, ಬರ್ಲಿ, ಬರ್ಲಿ" ಅಂತಾನೆ. ಇನ್ನೊಬ್ಬ "ಫುಲ್ ಲೆಫ್ಟ್ ಕಟ್ ಮಾಡಮ್ಮಾ" ಅಂತಾನೆ. ರಘು ಹಿಂದೆ ಸರಿದು ನಿಂತು, ರಿವರ್ಸ್ ತಗೊಳ್ಳೋದೇ ಸೈಂಟಿಫಿಕ್ ಅಂತ ಭಾಷಣ. ಗಿರೀಶ ಒಬ್ಬರೇ ತಳ್ಳಿದಾಗ ಬೇರೆಯವರು ಉಸಿರು ತಗೊಳ್ಳುತ್ತಾರೆ, ಅವರು ತಳ್ಳುವಾಗ ಇವರು ಜಾರಿ ಬೀಳುತ್ತಾರೆ. ಹನ್ನೆರಡು ಜನ, ಹನ್ನೆರಡು ಮೇಸ್ತ್ರಿಗಳು! ಪ್ರಕಾಶ ಒಳಗಿಂದ ಗಡಿಯಾರ ನೋಡಿ ತಲೆ ಚಚ್ಚಿಕೊಳ್ಳುತ್ತಿದ್ದರು.

ನನಗೆ ಏನಾಯಿತೋ ಗೊತ್ತಿಲ್ಲ. ಮಳೆಗಾಲಕ್ಕೆ ಮುಂಚೆ ನಮ್ಮೂರಿನ ದಡದಲ್ಲಿ ದೋಣಿ ಮೇಲೆಳೆಯುವುದನ್ನು ನೋಡುತ್ತಾ ಬೆಳೆದವಳು ನಾನು. ಒಬ್ಬ ಐಸಾ ಅಂತ ಕೂಗಬೇಕು, ಉಳಿದವರು ಒಂದೇ ಉಸಿರಿಗೆ ಮೈ ಕೊಡಬೇಕು, ನಡುವೆ ಬಿಡಬಾರದು. ಇಲ್ಲವಾದರೆ ದೋಣಿ ಅಲ್ಲೇ.

"ಹ್ವಾಯ್!" ಅಂದೆ. ಆ ದನಿ ನನ್ನದೇ ಅಂತ ನನಗೇ ನಂಬಿಕೆ ಬರಲಿಲ್ಲ. "ಎಲ್ಲ ಬಾಯಿ ಮುಚ್ಕಣಿ! ನಾ ಹೇಳ್ದಾಗ ಒಂದೇ ಸಲ ದೂಡಿ. ನಡೂಗ್ ಬಿಡೂಕಾಗ! ಐಸಾ!"

ಎಲ್ಲರೂ ಬೆಚ್ಚಿ ನನ್ನ ಕಡೆ ನೋಡಿದರು. ಲೆನ್ನಾರ್ಟ್ ಸಲಿಕೆ ಬಿಸಾಡಿ ನನ್ನ ಪಕ್ಕ ಭುಜ ಕೊಟ್ಟು ನಿಂತರು. ಅವರಿಗೆ ಆ ಮಾತು ಅರ್ಥವಾಗುವ ಅಗತ್ಯವೇ ಇರಲಿಲ್ಲ.

"ಐಸಾ!" ಕಾರು ಅಲುಗಿತು. "ಐಸಾ!" ಈ ಸಲ ಎಲ್ಲರೂ ಕೂಗಿದರು, ಅನ್ವಿಯ ಕೀರಲು ದನಿಯೂ ಸೇರಿತು. ಇಳಿಜಾರಿನ ತುದಿಯಲ್ಲಿ ರಸ್ತೆ ಮುಚ್ಚುವ ಕಾರಿನ ದೀಪ ಕಂಡಿತು. ಗಿರೀಶ "ಬಂತು, ಬಂತು" ಅಂದರು. "ಅತ್ಲಾಗೆ ಕಾಣೂದ್ ಬೇಡ, ದೂಡಿ! ಐಸಾ!" ಕಾರು ಸರ್ರನೆ ಜಾರಿ ರಸ್ತೆಗೆ ಬಿತ್ತು. ಚಕ್ರಗಳು ಹಿಮ ಕಚ್ಚಿದವು, ನಮ್ಮೆಲ್ಲರ ಮುಖಕ್ಕೂ ಹಿಮ, ಮಣ್ಣು, ಐಸು ಎರಚಿ ಸಿಂಚನಾ ಹೊರಟೇ ಹೋದಳು. ಅವಳ ಹಿಂದೆಯೇ ಆ ದೀಪದ ಕಾರು ಮೆಲ್ಲಗೆ ದಾಟಿತು. ಅದರ ಚಾಲಕ ನಮ್ಮನ್ನೂ ನಮ್ಮ ತಟ್ಟೆಗಳನ್ನೂ ನೋಡಿ ಕೈ ಎತ್ತಿ ಸಲಾಮು ಹೊಡೆದ.

ಹಿಮದಲ್ಲಿ ಬಿದ್ದಲ್ಲೇ ಬಿದ್ದುಕೊಂಡು ಎಲ್ಲರೂ ನಕ್ಕೆವು. ಅತ್ತೆ ಸೌಟು ಜಾಡಿಸುತ್ತಾ, "ನೋಡಿದ್ರಾ, ಆಗಲೇ ಬಂದಿದ್ರೆ ಇಷ್ಟೊತ್ತಿಗೆ ಚಳಿ ಅಂತ ಎಲ್ಲಾರೂ ಎದ್ದು ಹೋಗಿರ್ತಿದ್ರಿ," ಅಂದರು. ಗಿರೀಶ ನನ್ನ ಹತ್ತಿರ ತೆವಳಿ ಬಂದು, "ಇಷ್ಟು ವರ್ಷ ಈ ದನಿ ಎಲ್ಲಿಟ್ಟಿದ್ದೆ ಮಾರಾಯ್ತೀ?" ಅಂದರು. "ನಿಮಗೇ ಅಂತ ಇಟ್ಟಿದ್ದೆ, ಇನ್ನು ಮುಂದೆ ಕೇಳ್ತಾ ಇರಿ," ಅಂದೆ.

ಆದರೆ ಅವಳಿಗೆ ಇನ್ನೂ ರಸ್ತೆ ಬಾಕಿ ಇತ್ತು. ಲೆನ್ನಾರ್ಟರ ರೇಡಿಯೋದ ಸುತ್ತ ಎಲ್ಲರೂ ಗುಂಪುಗಟ್ಟಿದೆವು. ಬಿಸಿಬೇಳೆಬಾತ್ ಯಾರಿಗೂ ನೆನಪಿಲ್ಲ. ಗೊರಗೊರ ಸದ್ದು, ಯಾರದೋ ಸ್ವೀಡಿಷ್ ಮಾತು, ಮತ್ತೆ ಗೊರಗೊರ. ಕೊನೆಗೆ ಲೆನ್ನಾರ್ಟ್ ತಲೆ ಎತ್ತಿ, "ಈ ಹಂತ ದಾಟಿದಳು," ಅಂದರು. ನಾನು ಆ ಮುದುಕರನ್ನು ತಬ್ಬಿಕೊಂಡುಬಿಟ್ಟೆ. ಪಾಪ, ಮರದ ಹಾಗೆ ನಿಂತಿದ್ದರು. ಆಮೇಲೆ ಒಂದು ತಟ್ಟೆ ತುಂಬಾ ತಿಂದು, ಮೂಗು ಒರೆಸಿಕೊಂಡು, ಇನ್ನೊಂದು ತಟ್ಟೆ ಕೇಳಿದರು.

ಸಂಜೆ ಕಾರುಗಳು ಬಂದು ಸೇರುವ ಮೈದಾನಕ್ಕೆ ನಾವೆಲ್ಲ ಹೋದೆವು. ಗೆದ್ದವರ ಸುತ್ತ ಕ್ಯಾಮೆರಾ, ಸಂಗೀತ, ಗದ್ದಲ. ನಾವು ಅದರ ಕಡೆ ತಿರುಗಿಯೂ ನೋಡದೆ ಓಟ ಮುಗಿಯುವ ಗೆರೆಯ ಕಮಾನಿನ ಹತ್ತಿರ ಕತ್ತು ಚಾಚಿ ನಿಂತೆವು. ಎಲ್ಲ ಕಾರೂ ಬಂದವು. ಕೆಲಸದವರು ಕಂಬಿ ಎತ್ತಲು ಶುರು ಮಾಡಿದರು. ಆಗ ಬಂತು ನಮ್ಮ ಕಾರು. ಮುಂದಿನ ಬಂಪರ್ ಅರ್ಧ ಇಲ್ಲ, ಒಂದು ದೀಪ ಜೋತುಬಿದ್ದಿದೆ, ಆದರೆ ತನ್ನ ಚಕ್ರದ ಮೇಲೇ ಬಂತು. ಕಮಾನಿನ ಕೆಳಗೆ ನಿಂತಿತು. ತಂಡದ ಮ್ಯಾನೇಜರ್ ಸುತ್ತ ಒಂದು ಸಲ ನಡೆದು ನೋಡಿ, ಕಿಟಕಿಯೊಳಗೆ ಕೈ ಚಾಚಿ ಸಿಂಚನಾಳ ಕೈ ಕುಲುಕಿದ. ಮುಂದಿನ ರ‍್ಯಾಲಿ ಯಾವ ದೇಶದಲ್ಲಿ ಅಂತ ಪ್ರಕಾಶನ ಹತ್ತಿರ ಮಾತು ತೆಗೆದ. ಅತ್ತೆಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೂ ಅರ್ಥವಾಗಿ ಕಣ್ಣೊರೆಸಿಕೊಂಡರು.

ಸಿಂಚನಾ ಇಳಿದವಳೇ ಫೋನ್ ಹುಡುಕಿದಳು. ಅಪ್ಪನ ನಂಬರ್ ಒತ್ತಿ, ಎಲ್ಲರೂ ಕೇಳಲಿ ಅಂತ ನನಗೆ ಕೊಟ್ಟಳು. ನಾನೇ ಸ್ಪೀಕರಿಗೆ ಹಾಕಿ ಹಿಡಿದೆ. ಅಲ್ಲಿ ರಾತ್ರಿ ಊಟದ ಹೊತ್ತು, ಆದರೂ ಅವಳಪ್ಪ ಗ್ಯಾರೇಜಿನಲ್ಲೇ ಇದ್ದರು. ಮೊದಲ ರಿಂಗಿಗೇ ಎತ್ತಿದರು.

"ಹೇಳವ್ವಾ."

"ಅಪ್ಪಾಜಿ, ಮುಗೀತು."

"ಎಷ್ಟನೇದು?"

"ಕೊನೇದು ಅಪ್ಪಾಜಿ."

ನಾವು ಹನ್ನೆರಡು ಮಂದಿಯೂ ಫೋನಿನ ಮೇಲೆ ಬಗ್ಗಿದೆವು.

"ಕಾರು?" ಅಂದರು, ದನಿ ಸಣ್ಣದಾಗಿ.

"ಇಲ್ಲೇ ಐತೆ. ನಾನೇ ಓಡಿಸ್ಕೊಂಡ್ ಬಂದೆ."

ಆ ಮನುಷ್ಯ ಫೋನನ್ನು ಎಲ್ಲೋ ಇಟ್ಟು ಓಡಿದ್ದು ಕೇಳಿಸಿತು. "ಏಯ್, ಬಂದ್ಲಂತೆ ಕಣ್ರೋ! ನಮ್ ಹುಡುಗಿ ಕೊನೇದಾಗ್ ಬಂದ್ಲಂತೆ! ಬಂದ್ಲಂತೆ!" ಅಷ್ಟು ದೂರದ ಹಾಸನದ ಗ್ಯಾರೇಜಿನಲ್ಲಿ ಯಾರೋ ಡಬ್ಬ ಬಡಿಯತೊಡಗಿದರು. ಒಬ್ಬ ಹಾರನ್ ಒತ್ತಿ ಹಿಡಿದ, ಇನ್ನೊಬ್ಬ ಶಿಳ್ಳೆ ಹೊಡೆದ. ಸಿಂಚನಾ ಹಿಮದ ಮೇಲೆ ಕುಕ್ಕರಗಾಲಲ್ಲಿ ಕೂತು, ಫೋನಿನ ಆ ಗದ್ದಲ ಕೇಳುತ್ತಾ ಹೋ ಅಂತ ಅತ್ತಳು.